ಒಂದು ಬೆರಳು ಕೆಳಗೆ

ಆ ಕಟ್ಟಡದ ಲಿಫ್ಟಿನಲ್ಲಿ ಒಬ್ಬ ಮುದುಕ ಕೆಲಸಕ್ಕಿದ್ದಾನೆ ಎಂದು ಎಲ್ಲರೂ ತಿಳಿದಿದ್ದರು. ಇದ್ದವರು ಇಬ್ಬರು, ಅಣ್ಣ ಮತ್ತು ತಮ್ಮ. ಒಂದೇ ಇದ್ದದ್ದು ಕೋಟು.

ಕೆಲಸ ತಮ್ಮನದು. ಮೀಸೆ ಕಪ್ಪಗಿದ್ದ ಕಾಲದಿಂದ ಆ ಲಿಫ್ಟಿನ ಹಿತ್ತಾಳೆ ಹಿಡಿಯನ್ನು ತಿರುಗಿಸುತ್ತ ಬಂದವನು ಅವನು. ಗುಂಡಿ ಒತ್ತಿದರೆ ತಾನೇ ಹೋಗಿ ತಾನೇ ನಿಲ್ಲುವ ಲಿಫ್ಟಲ್ಲ ಅದು. ಹಿಡಿಯನ್ನು ಎಡಕ್ಕೆ ತಿರುಗಿಸಿದರೆ ಏರುತ್ತಿತ್ತು, ಬಲಕ್ಕೆ ತಿರುಗಿಸಿದರೆ ಇಳಿಯುತ್ತಿತ್ತು, ನಡುವಿಗೆ ತಂದರೆ ನಿಲ್ಲುತ್ತಿತ್ತು. ನಡುವಿಗೆ ತರುವುದು ಯಾವಾಗ ಎನ್ನುವುದೇ ವಿದ್ಯೆ. ತಮ್ಮ ನಿಲ್ಲಿಸಿದರೆ ಲಿಫ್ಟಿನ ನೆಲವೂ ಮಹಡಿಯ ನೆಲವೂ ಒಂದೇ ಕಲ್ಲು ಹಾಸಿದ ಹಾಗೆ ಸೇರಿಕೊಳ್ಳುತ್ತಿದ್ದವು. ಅಣ್ಣನಿಗೆ ಅದು ಕೊನೆಗೂ ಒಲಿಯಲಿಲ್ಲ. ಏರುವಾಗ ತುಸು ಬೇಗ, ಇಳಿಯುವಾಗ ತುಸು ತಡ. ಹೇಗೆ ನಿಲ್ಲಿಸಿದರೂ ಒಂದು ಬೆರಳು ಕೆಳಗೆ. ಅದಕ್ಕೇ ಅವನು ಜಾಲರಿ ಬಾಗಿಲು ಸರಿಸುವಾಗ ಮೆಲ್ಲಗೆ, “ಕಾಲು ನೋಡಿಕೊಂಡು” ಅನ್ನುತ್ತಿದ್ದ. ಜನ ಕಾಲು ನೋಡಿಕೊಂಡು ಇಳಿಯುತ್ತಿದ್ದರು. ಮುಖ ಯಾರೂ ನೋಡುತ್ತಿರಲಿಲ್ಲ.

ಅಣ್ಣ ಬದುಕೆಲ್ಲ ಒಂದು ಗೋದಾಮಿನಲ್ಲಿ ಮೂಟೆ ತೂಗಿದವನು. ಗೋದಾಮು ಮುಚ್ಚಿತು, ಅದರ ಹಿಂದೆಯೇ ಹೆಂಡತಿ ತೀರಿಕೊಂಡಳು. ಮಕ್ಕಳಿರಲಿಲ್ಲ. ತಮ್ಮನಿಗೂ ಅವನ ಹೆಂಡತಿಗೂ ಇರಲಿಲ್ಲ. ಒಂದು ಕೋಣೆ, ಒಂದು ಅಡುಗೆಮನೆಯ ತಮ್ಮನ ಮನೆಗೆ ಹಾಸಿಗೆ ಸುತ್ತಿಕೊಂಡು ಬಂದವನು, ಕೂತು ಉಣ್ಣುವುದು ಸಂಕಟವಾಗಿ, ಮಾರನೆಯ ದಿನದಿಂದಲೇ ಕೆಲಸ ಹುಡುಕಿಕೊಂಡು ಹೊರಟ. ಯಾರೂ ಬೈದು ಕಳಿಸಲಿಲ್ಲ, ಅದೇ ಕಷ್ಟವಾಗಿತ್ತು. ಹೋದಲ್ಲೆಲ್ಲ ಕೂರಿಸಿ, ನೀರು ಕೊಟ್ಟು, ವಯಸ್ಸು ಕೇಳಿ, ಕೈ ಮುಗಿದರು. ಯಜಮಾನರೇ, ದುಡಿದದ್ದು ಸಾಕು, ಇನ್ನು ಮನೆಯಲ್ಲಿ ವಿಶ್ರಾಂತಿ ತಗೊಳ್ಳಿ ಎಂದರು. ವಿಶ್ರಾಂತಿಗೂ ಎರಡು ಹೊತ್ತು ಊಟ ಬೇಕಲ್ಲಪ್ಪ ಎಂದು ಅವನು ಯಾರಿಗೂ ಹೇಳಲಿಲ್ಲ. ಮನೆಗೆ ಬಂದು ತಮ್ಮನಿಗೆ ಹೇಳಿದ. ತಮ್ಮ ನಗುವಿನವನು. “ಕಾಡು ಬಾ ಅನ್ನುತ್ತೆ, ಊರು ಹೋಗು ಅನ್ನುತ್ತೆ ಅಂತಾರೆ ಮುದುಕರಿಗೆ. ನಮ್ಮ ಕತೆ ಬೇರೆ ಕಣಣ್ಣ. ಊರು ಹೋಗು ಅಂದಾಯ್ತು, ಕಾಡು ಇನ್ನೂ ಬಾ ಅಂದಿಲ್ಲ. ಹೊಟ್ಟೆ ಮಾತ್ರ ತಾ ತಾ ಅಂತಿದೆ” ಅಂದ.

ಇಬ್ಬರೂ ಒಂದೇ ಅಚ್ಚಿನವರು. ಅದೇ ಮೂಗು, ಅದೇ ಬೋಳು, ಹೆಗಲ ಅದೇ ಬಾಗು. ತಮ್ಮನಿಗೆ ಜ್ವರ ಬಂದ ಒಂದು ದಿನ, ಕೆಲಸ ತಪ್ಪಿದರೆ ಏನಾಗುವುದೋ ಎಂದು ಅಣ್ಣ ಅವನ ಕೋಟು ತೊಟ್ಟು, ಟೋಪಿ ಇಟ್ಟು ಹೋದ. ಹಿಡಿ ತಿರುಗಿಸುವುದನ್ನು ಮೊದಲೇ ನೋಡಿ ಕಲಿತಿದ್ದ. ಸಂಜೆ ಬಂದವನು ಒಬ್ಬರಿಗೂ ಗೊತ್ತಾಗಲಿಲ್ಲ ಎಂದ. ಮೂವರೂ ನಕ್ಕರು. ನಗು ಮುಗಿದ ಮೇಲೆ ತಮ್ಮ, ಒಬ್ಬರಿಗೂ ಗೊತ್ತಾಗಲಿಲ್ಲವೇ ಎಂದು ಇನ್ನೊಮ್ಮೆ ಕೇಳಿದ. ಅಷ್ಟು ವರ್ಷ ಅಲ್ಲಿ ಏರಿಳಿದವನು ಅವನು.

ಆಮೇಲೆ ತಮ್ಮನ ಎದೆ ಸೋತಿತು. ಇಡೀ ದಿನ ಆಗುವುದಿಲ್ಲ, ಅರ್ಧ ದಿನ ಬೇಕಾದರೆ ಕೆಲಸ ಮಾಡು ಎಂದರು ಡಾಕ್ಟರು. ಅರ್ಧ ದಿನದ ಕೆಲಸವನ್ನು ಯಾರು ಕೊಡುತ್ತಾರೆ? ತಾವೇ ಮಾಡಿಕೊಂಡರು. ಬೆಳಗಿನ ಪಾಳಿ ಅಣ್ಣನದು, ಮಧ್ಯಾಹ್ನದ ಮೇಲೆ ತಮ್ಮನದು.

ಕಟ್ಟಡದ ಹಿಂಬದಿಯಲ್ಲಿ ಗುಡಿಸುವವರ ಪೊರಕೆ ಬಕೆಟ್ಟು ಇಡುವ ಮೆಟ್ಟಿಲ ಸಂದಿ ಒಂದಿತ್ತು. ಮಧ್ಯಾಹ್ನ ಲಿಫ್ಟಿಗೆ ವಿರಾಮ ಎಂಬ ಹಲಗೆ ಹಾಕಿ ಅಣ್ಣ ಅಲ್ಲಿಗೆ ಬರುತ್ತಿದ್ದ. ತಮ್ಮ ಬಂದು ಕೆಳಗಿನ ಮೆಟ್ಟಿಲ ಮೇಲೆ ಕೂತಿರುತ್ತಿದ್ದ. ಬುತ್ತಿ ಬಿಚ್ಚಿ ಇಬ್ಬರೂ ಉಣ್ಣುವುದು, ಅಣ್ಣ ಕೋಟು ಬಿಚ್ಚುವುದು, ಅವನ ಬೆವರಿನ್ನೂ ಆರದ ಕೋಟನ್ನು ತಮ್ಮ ತೊಡುವುದು. ಕೋಟಿನ ಜೊತೆಗೆ ಇನ್ನೊಂದನ್ನೂ ಕೈ ಬದಲಿಸಬೇಕಾಗಿತ್ತು, ಸುದ್ದಿ. ಹಲ್ಲಿನ ಡಾಕ್ಟರ ಮಗಳಿಗೆ ಪರೀಕ್ಷೆ. ವಕೀಲರಿಗೂ ಅವರ ಗುಮಾಸ್ತನಿಗೂ ಮಾತು ಬಿಟ್ಟಿದೆ, ಇಬ್ಬರನ್ನೂ ಒಟ್ಟಿಗೆ ಹತ್ತಿಸಬೇಡ. ಪುಸ್ತಕಕ್ಕೆ ರಟ್ಟು ಕಟ್ಟುವವನು ಊರಿಗೆ ಹೋಗಿದ್ದಾನೆ, ಬಂದಾಗ ತಾಯಿ ಹೇಗಿದ್ದಾರೆ ಕೇಳು. ಮಧ್ಯಾಹ್ನದ ಸುದ್ದಿಯನ್ನು ತಮ್ಮ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಹೇಳುತ್ತಿದ್ದ. ಒಬ್ಬ ಕೇಳಿದ್ದು ಇನ್ನೊಬ್ಬನಿಗೆ ಗೊತ್ತಿರದಿದ್ದರೆ ಇಬ್ಬರ ಕೆಲಸವೂ ಹೋಗುತ್ತದೆ. ಹಾಗೊಮ್ಮೆ ಏನಾದರೂ ತಪ್ಪಿಹೋಗಿ, ಯಾರಾದರೂ ಗೊತ್ತಿಲ್ಲದ್ದನ್ನು ಕೇಳಿದರೆ? ಅದಕ್ಕೂ ತಮ್ಮ ಒಂದು ನಿಯಮ ಮಾಡಿದ್ದ. ಗೊತ್ತಿಲ್ಲದಿದ್ದರೆ ನಗು, ಅಣ್ಣ. ಆಮೇಲೆ, ನೋಡೋಣ ಅನ್ನು. ಲೋಕವೆಲ್ಲ ನಡೆಯುತ್ತಿರುವುದೇ ಹಾಗೆ.

ನಗಿಸುವುದು ತಮ್ಮನಿಗೆ ಬರುತ್ತಿತ್ತು. ಅಣ್ಣನಿಗೆ ಬರುತ್ತಿದ್ದದ್ದು ಅಪ್ಪನಿಂದ ಕೇಳಿ ಕಲಿತ ಪದ್ಯಗಳು. ಅವರಪ್ಪ ಸಂಜೆ ದೀಪದ ಮುಂದೆ ಕೂತು ಓದಿದರೆ ಅಕ್ಕಪಕ್ಕದವರು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಸಾಲಿನ ಕೊನೆಗೆ ಬಿಡುವ ಉಸಿರೂ ಪದ್ಯದ್ದೇ, ಅದನ್ನು ನುಂಗಬೇಡ ಎನ್ನುತ್ತಿದ್ದರು ಅಪ್ಪ. ಲಿಫ್ಟು ಖಾಲಿಯಾಗಿ ಏರುವಾಗ ಅಣ್ಣ ಸಣ್ಣ ದನಿಯಲ್ಲಿ ಹೇಳಿಕೊಳ್ಳುತ್ತಿದ್ದ. ನೆಲದಿಂದ ಮೇಲಿನ ಮಹಡಿ ಮುಟ್ಟುವಷ್ಟರಲ್ಲಿ ಒಂದು ಪದ್ಯ ಮುಗಿಯುತ್ತಿತ್ತು. ನಡುವೆ ಯಾರಾದರೂ ಹತ್ತಿದರೆ ಸಾಲನ್ನು ಅರ್ಧಕ್ಕೆ ಹಿಡಿದು, ಅವರು ಇಳಿದ ಮೇಲೆ ಅಲ್ಲಿಂದಲೇ ಮುಂದುವರಿಸುತ್ತಿದ್ದ.

ಹೀಗೆ ನಡೆಯುತ್ತಿತ್ತು. ಒಂದು ಸಂಜೆ ತಮ್ಮ ಮನೆಗೆ ಬಂದವನು ಚಪ್ಪಲಿ ಬಿಟ್ಟ, ಸುದ್ದಿ ಹೇಳಲಿಲ್ಲ. ನೀರು ಕೇಳಿದ. ಹೆಂಡತಿ ತಂದ ನೀರನ್ನು ಅರ್ಧ ಕುಡಿದು, ಕೋಟು ಬಿಚ್ಚಿ ಮೊಳೆಗೆ ತಗುಲಿಸಿ, “ಅಣ್ಣ, ಒಂದು ಮಾತಿದೆ ಕಣೋ, ಉಸಿರು ತಗೊಂಡು ಹೇಳ್ತೀನಿ” ಎಂದು ಗೋಡೆಗೆ ಒರಗಿದ. ಅಣ್ಣ ಕಾದ. ಸಾಲಿನ ಕೊನೆಯ ಉಸಿರಿಗೆ ಕಾಯುವ ಹಾಗೆ ಕಾದ. ಆ ಉಸಿರು ಬರಲಿಲ್ಲ.

ಬೀದಿಯವರು ಬಂದರು, ಹೊತ್ತರು, ಆಗಬೇಕಾದದ್ದು ಮರುದಿನ ಆಯಿತು. ಆ ಬೀದಿಗೂ ಕಟ್ಟಡಕ್ಕೂ ನಡುವೆ ಇಡೀ ಊರಿನಷ್ಟು ದೂರ; ಅಲ್ಲಿಯವರು ಇಲ್ಲಿ ಯಾರಿಗೂ ಗೊತ್ತಿಲ್ಲ, ಇಲ್ಲಿಯವರು ಅಲ್ಲಿ ಯಾರಿಗೂ ಗೊತ್ತಿಲ್ಲ. ಆ ದಿನ ಕಟ್ಟಡಕ್ಕೆ ರಜೆಯಾಗಿತ್ತು. ಅದರ ಮರುದಿನ ಬೆಳಿಗ್ಗೆ ಅಣ್ಣ ಎದ್ದು ನೋಡಿದರೆ ತಮ್ಮನ ಹೆಂಡತಿ ಕೋಟಿಗೆ ಇಸ್ತ್ರಿ ಹಾಕುತ್ತಿದ್ದಳು. ಅಳುತ್ತಿರಲಿಲ್ಲ. ಕಾಲರಿನ ಮೇಲೆ ಇಸ್ತ್ರಿಯನ್ನು ಒತ್ತಿ ಒತ್ತಿ ಎಳೆಯುತ್ತಿದ್ದಳು.

ಹೋಗದಿದ್ದರೆ ಏನಾಗುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ತಮ್ಮ ಸತ್ತನೆಂದು ಅಲ್ಲಿ ಹೇಳಿದರೆ ಕೆಲಸವೂ ಅಲ್ಲಿಗೇ ಸತ್ತಿತು. ಸಂಬಳದಿಂದ ಹಿಡಿದಿಟ್ಟ ಗಂಟೊಂದು ಅವಳ ಕೈಗೆ ಬರುತ್ತದೆ, ನಿಜ; ಅದು ಕೆಲವು ಕಾಲ ನಡೆಸೀತು. ಆಮೇಲೆ ಅವಳೂ ಇವನೂ ಏನು ಮಾಡಬೇಕು? ಹೇಳದಿದ್ದರೆ ತಿಂಗಳು ತಿಂಗಳು ಮನೆ ನಡೆಯುತ್ತದೆ. ಅಲ್ಲಿ ಅವನು ಸಾಯಬಾರದು, ಅಷ್ಟೇ.

“ಭಾವ, ಕೋಟು ಆಯ್ತು” ಎಂದಳು. ಅವನು ತೋಳು ತೂರಿಸಿದ. ತಮ್ಮ ಬಿಟ್ಟುಹೋದ ಲಿಫ್ಟಿನ ಬೀಗದ ಕೈ ಜೇಬಿನಲ್ಲಿತ್ತು.

ಅವತ್ತು ಬೆಳಿಗ್ಗೆ ಮೊದಲ ಗುಂಪಿನಲ್ಲಿ ಟೈಪಿಸ್ಟಮ್ಮ ಹತ್ತಿದಳು. ನಾಲ್ಕನೆಯ ಮಹಡಿಯಲ್ಲಿ ಅರ್ಜಿ, ಕರಾರು ಪತ್ರ ಟೈಪು ಮಾಡಿಕೊಡುವ ಮಧ್ಯವಯಸ್ಸಿನ ಹೆಂಗಸು. ಒಂದು ಕಾಲು ಸಣ್ಣದು, ಕೋಲು ಹಿಡಿದು ನಡೆಯುತ್ತಾಳೆ. ಎಲ್ಲರೂ ಮಹಡಿಯ ಅಂಕಿ ನೋಡುತ್ತಿರುವಾಗ ಅವಳು ಇವನತ್ತ ತಿರುಗಿ, “ಮನೇಲಿ ಮಾತಾಯ್ತಾ ಲಿಫ್ಟಣ್ಣ?” ಎಂದಳು.

ಯಾವ ಮಾತು? ಇದು ತಮ್ಮನ ಮಧ್ಯಾಹ್ನದ ಸುದ್ದಿ. ಕೈ ಬದಲಾಗದೆ ಹೋದ ಸುದ್ದಿ. ಅವನು ನಿಯಮದಂತೆ ನಕ್ಕ. ಮುಖದ ಚರ್ಮ ಒಣಗಿದ ತೊಗಲಿನ ಹಾಗೆ ಎಳೆಯಿತು. “ನೋಡೋಣಮ್ಮ” ಅಂದ.

ಅವಳ ಮುಖ ಸ್ವಲ್ಪ ಇಳಿಯಿತು. “ನೋಡೋಣ ಅಂದ್ರೆ ಹೇಗೆ? ಅವರು ಕಾಯ್ತಿದಾರೆ. ಆಗಲ್ಲ ಅಂದ್ರೆ ಬೇರೆಯವರನ್ನ ನೋಡ್ಲಾ?”

ಹಿಂದೆ ವಕೀಲರು ಗಂಟಲು ಸರಿಮಾಡಿಕೊಂಡರು. ನಾಲ್ಕನೆಯ ಮಹಡಿ ಬಂದೇಬಿಟ್ಟಿತು. ಯಾವುದಕ್ಕೆ ಹೂಂ ಅಂದರೆ ಯಾವ ಬಲೆಯೋ. “ನಿಮ್ಮಿಷ್ಟ ತಾಯಿ. ಕಾಲು ನೋಡಿಕೊಂಡು” ಎಂದು ಬಾಗಿಲು ಸರಿಸಿದ. ಅವಳು ಕೋಲನ್ನು ಮೊದಲು ಆಚೆ ಊರಿ, ಆ ಒಂದು ಬೆರಳನ್ನು ಹತ್ತಿ, ಹಿಂದಿರುಗಿ ನೋಡದೆ ಹೋದಳು.

ಮಧ್ಯಾಹ್ನ ವಿರಾಮದ ಹಲಗೆ ಹಾಕಿ ಮೆಟ್ಟಿಲ ಸಂದಿಗೆ ಹೋದ. ಹೋಗಬೇಕಾದ ಕೆಲಸವಿರಲಿಲ್ಲ, ಕಾಲು ಕರೆದುಕೊಂಡು ಹೋಯಿತು. ಬುತ್ತಿ ಬಿಚ್ಚಿ ನೋಡಿದರೆ ತಮ್ಮನ ಹೆಂಡತಿ ಕೈತಪ್ಪಿ ಇಬ್ಬರಿಗಾಗುವಷ್ಟು ಕಟ್ಟಿದ್ದಳು. ಒಬ್ಬನ ಪಾಲು ತಿಂದು, ಇನ್ನೊಬ್ಬನದನ್ನು ಮುಚ್ಚಿಟ್ಟು, ಬಿಚ್ಚದ ಕೋಟಿನಲ್ಲೇ ಎದ್ದು ಮಧ್ಯಾಹ್ನದ ಪಾಳಿಗೆ ನಿಂತ.

ದುಃಖಕ್ಕೆ ಒಂದು ಜಾಗ ಬೇಕು. ಮನೆಯಲ್ಲಿ ಅವಳ ದುಃಖವಿತ್ತು, ಅದರ ಮುಂದೆ ತನ್ನದನ್ನು ಹರಡಲು ಅವನಿಗೆ ಸಂಕೋಚ. ಲಿಫ್ಟಿನಲ್ಲಿ ಅಳುವಂತಿಲ್ಲ, ಅಲ್ಲಿ ಸತ್ತವನು ಬದುಕಿದ್ದಾನೆ, ಆರೋಗ್ಯವಾಗಿದ್ದಾನೆ, ಹಿಡಿ ತಿರುಗಿಸುತ್ತಿದ್ದಾನೆ. ಒಂದು ದಿನ ಹಲ್ಲಿನ ಡಾಕ್ಟರು, ಏನು ಲಿಫ್ಟಣ್ಣ ಈಚೆಗೆ ಮಧ್ಯಾಹ್ನ ಸಪ್ಪಗಿರುತ್ತೀರಲ್ಲ, ಜೋಕು ತೀರಿಹೋಯಿತೇ ಎಂದರು. ಅವನು ಮನೆಗೆ ಹೋಗಿ, ತಮ್ಮ ಹೇಳುತ್ತಿದ್ದ ಹಳೆಯ ಜೋಕೊಂದನ್ನು ನೆನಪು ಮಾಡಿಕೊಂಡು, ಮಾರನೆಯ ದಿನ ಹೇಳಿದ. ಪದ್ಯ ಹೇಳಿದ ಹಾಗೆ ಹೇಳಿದ. ಯಾರೂ ನಗಲಿಲ್ಲ.

ಆದರೆ ಅವನನ್ನು ತಿಂದದ್ದು ಆ ಮಧ್ಯಾಹ್ನ. ತಮ್ಮನ ಕೊನೆಯ ಅರ್ಧ ದಿನ. ಬದುಕಿನ ಮಿಕ್ಕ ದಿನಗಳೆಲ್ಲ ಅಣ್ಣನಿಗೆ ಗೊತ್ತು. ಒಂದೇ ತಟ್ಟೆಯಲ್ಲಿ ಉಂಡು, ಒಂದೇ ಕಂಬಳಿಯಲ್ಲಿ ಮಲಗಿ ಬೆಳೆದವರು. ಆ ಅರ್ಧ ದಿನವೊಂದು ಮಾತ್ರ ಈ ಗೋಡೆಗಳ ನಡುವೆ, ಈ ಜನರ ಬಳಿ ಚೂರುಚೂರಾಗಿ ಬಿದ್ದಿದೆ. ಒಂದು ಮಾತಿದೆ ಅಂದಿದ್ದನಲ್ಲ, ಏನದು? ಎದೆ ನೋಯುತ್ತಿದೆ ಎಂದು ಯಾರಿಗಾದರೂ ಹೇಳಿದನೇ? ನಗುತ್ತಿದ್ದನೇ? ಯಾರನ್ನು ಕೇಳುವುದು? ಕೇಳಿದರೆ ಏನೆಂದು? ನನ್ನ ತಮ್ಮ ಅವತ್ತು ಹೇಗಿದ್ದ ಎನ್ನುವಂತಿಲ್ಲ. ಅವನೇ ತಮ್ಮ.

ಅದಕ್ಕೆ ಸುತ್ತುಬಳಸಿ ಕೇಳತೊಡಗಿದ. ರಟ್ಟು ಕಟ್ಟುವವನು ಒಬ್ಬನೇ ಸಿಕ್ಕಾಗ, ಆವತ್ತು ರಜೆಯ ಹಿಂದಿನ ದಿನ ನಾನು ನಿನಗೇನೋ ಹೇಳಿದೆನಲ್ಲ, ಏನದು ಅಂದ. ಏನೂ ಇಲ್ಲವಲ್ಲ ಅಂದ ಅವನು. ಗುಮಾಸ್ತನನ್ನು ಕೇಳಿದ. ಡಾಕ್ಟರ ನರ್ಸನ್ನು, ಆವತ್ತು ನಾನು ನಿಂತಿದ್ದೆನೋ ಸ್ಟೂಲಿನ ಮೇಲೆ ಕೂತಿದ್ದೆನೋ ನೋಡಿದೆಯಾ ಮಗಳೇ ಎಂದು ಕೇಳಿದ. ಆ ಹುಡುಗಿ ಅವನನ್ನು ವಿಚಿತ್ರವಾಗಿ ನೋಡಿ, ಕೂತಿದ್ರಿ ತಾತ, ಎದೆ ಉಜ್ಜಿಕೊಳ್ತಿದ್ರಿ, ನಾನು ಕೇಳಿದ್ದಕ್ಕೆ ಒಳಗೆ ಇಲಿ ಸೇರಿದೆ ಅಂದ್ರಿ ಎಂದಳು. ಆ ಚೂರನ್ನು ಅವನು ಮನೆಗೆ ಕೊಂಡೊಯ್ದು ತಮ್ಮನ ಹೆಂಡತಿಗೆ ಕೊಟ್ಟ. ಅವಳು, ಇಲಿಯಂತೆ ಎಂದು ಸಣ್ಣಗೆ ನಕ್ಕು, ಒಲೆಯ ಕಡೆ ತಿರುಗಿಕೊಂಡಳು.

ಟೈಪಿಸ್ಟಮ್ಮನನ್ನು ಮಾತ್ರ ಕೇಳಲು ಧೈರ್ಯ ಬರಲಿಲ್ಲ. ಅವಳ ಮಾತಿಗೆ ಉತ್ತರ ಕೊಟ್ಟಾಗಿತ್ತು. ಈಗ ಪ್ರಶ್ನೆ ಏನೆಂದು ಕೇಳುವುದು ಹೇಗೆ? ಅವಳೂ ಆ ದಿನದಿಂದ ಸುಮ್ಮನಾಗಿದ್ದಳು. ಬೆಳಿಗ್ಗೆ ಹತ್ತಿ, ಸಂಜೆ ಇಳಿದು, ಹೊರಗೆ ಕಾಲಿಡುವಾಗ ಪ್ರತಿಸಲವೂ ಒಂದು ಕ್ಷಣ ತಡೆದು ನೆಲ ನೋಡುತ್ತಿದ್ದಳು.

ಹೀಗೆ ಕೇಳಿಕೊಂಡು ತಿರುಗಿದರೆ ಮಾತು ಹುಟ್ಟದೆ ಇರುತ್ತದೆಯೇ? ಲಿಫ್ಟಣ್ಣನಿಗೆ ಅರಳುಮರಳು, ನಿನ್ನೆ ಮಾಡಿದ್ದು ಇವತ್ತು ನೆನಪಿಲ್ಲ ಎಂದು ಮಹಡಿಯಿಂದ ಮಹಡಿಗೆ ಹೋಯಿತು. ಮ್ಯಾನೇಜರು ಕರೆಸಿದರು. ಅವರೂ ಇನ್ನೇನು ಮನೆ ಸೇರುವ ವಯಸ್ಸಿನವರೇ, ಗದರಿಸುವ ಸ್ವಭಾವವಲ್ಲ. ಕಾಗದದಿಂದ ಕಣ್ಣೆತ್ತದೆಯೇ ಹೇಳಿದರು: ಜನರ ಜೀವ ಹಿಡಿಯುವ ಕೈ ಇದು. ಮರೆವು ಅಂತ ಎಲ್ಲರೂ ಹೇಳುತ್ತಿದ್ದಾರೆ. ಡಾಕ್ಟರ ಹತ್ತಿರ ಪರೀಕ್ಷೆ ಮಾಡಿಸಿ ಸರ್ಟಿಫಿಕೇಟು ತಂದುಕೊಡಿ, ಇಲ್ಲವಾದರೆ ಕಷ್ಟ. ಹೊರಗೆ ಬರುವಾಗ ಬಾಗಿಲಲ್ಲಿದ್ದ ವಕೀಲರು ಅವನ ಬೆನ್ನು ತಟ್ಟಿ, ಹೆದರಬೇಡಿ ಲಿಫ್ಟಣ್ಣ, ನಮ್ಮನ್ನೆಲ್ಲ ಮೇಲೆ ಕಳಿಸದೆ ನೀವು ಹೋಗೋರಲ್ಲ ಬಿಡಿ ಎಂದರು. ಅಲ್ಲಿದ್ದವರು ನಕ್ಕರು. ಅವನೂ ನಿಯಮದಂತೆ ನಕ್ಕ.

ಮನೆಗೆ ಬಂದು ಹೇಳಿದ. ಸತ್ತವನ ಹೆಸರಿಗೆ ಬದುಕಿರುವವನನ್ನು ಯಾವ ಡಾಕ್ಟರು ಪರೀಕ್ಷೆ ಮಾಡುತ್ತಾನೆ ಎಂದ. ಪರೀಕ್ಷೆ ತಪ್ಪಿಸುವ ದಾರಿಗಳೂ ಅವನಿಗೆ ತೋಚಿದ್ದವು. ಇನ್ನು ಯಾರನ್ನೂ ಏನೂ ಕೇಳದೆ ಬಾಯಿ ಬಿಗಿದಿದ್ದರೆ ತಿಂಗಳಲ್ಲಿ ಎಲ್ಲರೂ ಮರೆಯುತ್ತಾರೆ, ಮ್ಯಾನೇಜರೂ ಮರೆಯುತ್ತಾರೆ. ಕೆಲಸ ಉಳಿಯುತ್ತದೆ.

ಅವಳು ಕೋಟು ಈಸಿಕೊಂಡಳು. ತಗುಲಿಸಲು ಮೊಳೆಯವರೆಗೆ ಹೋದವಳು ನಿಂತು, ಯಾವತ್ತೂ ಮಾಡದಿದ್ದುದನ್ನು ಮಾಡಿದಳು. ಭಾವನ ಎದುರಿಗೇ ಕೋಟಿನ ಕಾಲರಿಗೆ ಮುಖ ಒತ್ತಿದಳು.

“ಇದರಲ್ಲಿ ಅವರ ವಾಸನೆ ಹೋಯ್ತು ಭಾವ” ಎಂದಳು. “ದಿನಾ ನೋಡ್ತಿದ್ದೆ. ಇವತ್ತು ಪೂರ್ತಿ ನಿಮ್ಮದೇ.”

ಅವನು ಬುತ್ತಿಯ ಡಬ್ಬಿಯನ್ನು ಒಲೆಯ ಪಕ್ಕ ಇಟ್ಟ.

“ಅಲ್ಲಾದರೂ ಇದಾರೆ, ಇರಲಿ ಅಂದ್ಕೊಂಡಿದ್ದೆ. ಹೊಟ್ಟೆಪಾಡು ಅಂತಾನೂ ಅಂದ್ಕೊಂಡಿದ್ದೆ, ಸುಳ್ಳು ಯಾಕೆ. ಆದರೆ ಭಾವ, ಬದುಕೆಲ್ಲ ಆ ಜನಾನ ಹೊತ್ತು ಹತ್ತಿಸಿ ಇಳಿಸಿದರು. ಅವರಲ್ಲಿ ಒಬ್ಬರಾದರೂ ಅಯ್ಯೋ ಅಂದಿಲ್ಲ. ಅನ್ನೋಕೆ ನಾವು ಬಿಟ್ಟಿಲ್ಲ.” ಕೋಟನ್ನು ಮೊಳೆಗೆ ಹಾಕಲಿಲ್ಲ. ಮಡಚಿದಳು. ತೋಳುಗಳನ್ನು ಒಳಕ್ಕೆ ಸೇರಿಸಿ, ತಿರುಗಿ ಕೊಡಬೇಕಾದ ಬಟ್ಟೆಯನ್ನು ಮಡಚುವ ಹಾಗೆ ಮಡಚಿದಳು. “ನಾಲ್ಕು ಮನೆ ಪಾತ್ರೆ ತೊಳೆದಾದರೂ ನೋಡ್ಕೋಬಹುದು. ಹೋಗಿ ಹೇಳಿಬಿಡಿ.”

ಅವಳ ಕೈಗಳನ್ನು ಅವನು ನೋಡಿದ. ಗಂಟುಗಟ್ಟಿದ ಬೆರಳುಗಳು, ಲೋಟ ಹಿಡಿದರೂ ನಡುಗುತ್ತಿದ್ದವು. ನಾಲ್ಕು ಮನೆಯ ಪಾತ್ರೆ. ದೇವರೇ, ನೀನು ಕೊಟ್ಟ ಆಯಸ್ಸನ್ನು ಯಾವ ಅಂಗಡಿಯಲ್ಲಿ ಮಾರಿ ಊಟ ತರಬೇಕು ಎಂದು ಅವನ ಮನಸ್ಸು ಕೇಳಿತು. ಮಾರನೆಯ ದಿನ ಬೆಳಿಗ್ಗೆ ತನ್ನದೇ ಅಂಗಿ ತೊಟ್ಟು, ಬರಿತಲೆಯಲ್ಲಿ, ಮಡಚಿದ ಕೋಟನ್ನೂ ಟೋಪಿಯನ್ನೂ ಚೀಲದಲ್ಲಿಟ್ಟುಕೊಂಡು ಹೊರಟ.

ಲಿಫ್ಟಿನ ಮುಂದೆ ಜನ ಸೇರಿದ್ದರು. ಜಾಲರಿಗೆ ಬೀಗ ಹಾಗೇ ಇತ್ತು. ಹಲ್ಲಿನ ಡಾಕ್ಟರು ಗಡಿಯಾರ ನೋಡಿಕೊಳ್ಳುತ್ತ ಅವನಿಗೆ ಭುಜ ತಾಗಿಸಿಕೊಂಡೇ ಮೆಟ್ಟಿಲ ಕಡೆ ಹೋದರು. ಲಿಫ್ಟಣ್ಣ ಯಾವತ್ತೂ ತಡ ಮಾಡಿದವನಲ್ಲ ಎಂದು ಯಾರೋ ಯಾರಿಗೋ ಹೇಳಿದರು. ಅವರ ನಡುವೆಯೇ ಅವನು ದಾಟಿ ಹೋದ. ಒಬ್ಬರೂ ಗುರುತಿಸಲಿಲ್ಲ.

ಮ್ಯಾನೇಜರ ಮೇಜಿನ ಮೇಲೆ ಕೋಟು, ಟೋಪಿ, ಬೀಗದ ಕೈ ಇಟ್ಟ. ಲಿಫ್ಟಿನವನು ತೀರಿಕೊಂಡ ಎಂದ. ತಾನು ಅವನ ಅಣ್ಣ ಎಂದ.

ಮ್ಯಾನೇಜರು ಅಯ್ಯೋ ಅಂದರು. ಅವರು ಅಂದ ಆ ಅಯ್ಯೋ ನಿಜವಾದದ್ದೇ ಆಗಿತ್ತು. ಅದನ್ನು ಅವಳಿಗೆ ಒಯ್ದು ಹೇಳಬೇಕು ಎಂದುಕೊಂಡ. ಯಾವಾಗ ಎಂದು ಅವರು ಕೇಳಿದರು. ಹೆಚ್ಚುಕಡಿಮೆ ತಿಂಗಳಾಗುತ್ತ ಬಂತು ಎಂದ.

“ಏನು ಹೇಳ್ತಿದೀರಿ ಯಜಮಾನರೇ? ನಿನ್ನೆ ಸಂಜೆ ತಾನೇ ನನ್ನನ್ನ ಕೆಳಗಿಳಿಸಿದರಲ್ಲ.”

“ಅದು ನಾನು” ಅಂದ ಅಣ್ಣ.

ಮ್ಯಾನೇಜರು ಮೊದಲ ಸಲ ಅವನ ಮುಖ ನೋಡಿದರು. ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಇನ್ನೊಮ್ಮೆ ನೋಡಿದರು. ಅವನು ಏನನ್ನೂ ಮುಚ್ಚಿಡಲಿಲ್ಲ. ಬೆಳಿಗ್ಗೆ, ಮಧ್ಯಾಹ್ನ, ಮೆಟ್ಟಿಲ ಸಂದಿ, ಒಂದೇ ಕೋಟು. ಕೇಳುತ್ತ ಕೇಳುತ್ತ ಅವರ ಮುಖದಲ್ಲಿ ಕೋಪ ಬಂತು, ಹೋಯಿತು. ಆಮೇಲೆ ಬಂದದ್ದು ಏನೋ ಒಂದು ಭಯದಂಥದ್ದು. ನಿವೃತ್ತಿಯಾದ ಮೇಲೆ ತಾನು ಕೂರಬೇಕಾದ ಮನೆಯನ್ನು ಕಂಡವರ ಹಾಗೆ. ಹೆಂಡತಿಗೆ ಸಲ್ಲಬೇಕಾದದ್ದು ಸಲ್ಲುತ್ತದೆ, ಅದಕ್ಕೆ ನಾನು ಅಡ್ಡ ಬರುವುದಿಲ್ಲ ಎಂದರು. ಈ ತಿಂಗಳದು ಮಾತ್ರ ಕೇಳಬೇಡಿ. ಸತ್ತವರು ಬಂದು ಕೆಲಸ ಮಾಡಿದರು ಎಂದು ನಾನು ಎಲ್ಲಿ ಬರೆಯಲಿ?

ಅವನು ಏಳುವಾಗ ಅವರು, ಸಮಾಧಾನಕ್ಕೆಂದೇ ಇರಬೇಕು, ಹೇಳಿದರು: “ನಿಮಗೆ ಕೆಲಸ ಗೊತ್ತು. ವಯಸ್ಸೊಂದು ಕಡಿಮೆ ಇದ್ದಿದ್ದರೆ ನಿಮ್ಮನ್ನೇ ಇಟ್ಕೊಳ್ತಿದ್ದೆ ನೋಡಿ.”

ಅವನು ಕೈ ಮುಗಿದ. ಈಗ ಅವನ ಬಳಿ ಉಳಿದದ್ದು ಒಂದೇ ಕೆಲಸ, ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಮೆಟ್ಟಿಲು ಹತ್ತತೊಡಗಿದ. ಅಷ್ಟು ಕಾಲ ಆ ಕಟ್ಟಡದಲ್ಲಿ ಏರಿಳಿದವನು ಒಂದು ಸಲವೂ ಕಾಲಿನಿಂದ ಏರಿರಲಿಲ್ಲ. ಮಹಡಿಗೊಂದು ಸಲ ಗೋಡೆಗೆ ಕೈ ಕೊಟ್ಟು ನಿಂತ. ನಾಲ್ಕನೆಯದರಲ್ಲಿ ಟೈಪಿನ ಸದ್ದು ಕೇಳುತ್ತಿತ್ತು.

ಟೈಪಿಸ್ಟಮ್ಮ ತಲೆ ಎತ್ತಿದಳು. ಬರಿತಲೆ, ಮಾಸಲು ಅಂಗಿ, ಏದುಸಿರು. ಅವಳಿಗೆ ಗುರುತು ಹಿಡಿಯಲು ಒಂದು ಕ್ಷಣವೂ ಬೇಕಾಗಲಿಲ್ಲ. ಯಂತ್ರದ ಮೇಲಿದ್ದ ಕೈ ಹಾಗೇ ನಿಂತಿತು.

“ಹೋದದ್ದು ನಗಿಸೋರು ಅಲ್ವಾ?” ಎಂದಳು.

ಅವನು ಹೌದೆಂದು ತಲೆಯಾಡಿಸಿದ. ಎದುರಿನ ಸ್ಟೂಲಿನ ಮೇಲೆ ಕುಸಿದ. ಇಷ್ಟು ದಿನ ಎಲ್ಲಿ ಅಡಗಿತ್ತೋ, ಅಳು ಬಂತು. ಅವಳು ತಡೆಯಲಿಲ್ಲ, ಎದ್ದು ಬಾಗಿಲು ಸರಿಸಿ ಬಂದು ಕೂತಳು. ಅವಳ ಕಣ್ಣೂ ತುಂಬಿತ್ತು. ಒಬ್ಬರಲ್ಲ ಇಬ್ಬರು ಎಂದು ತನಗೆ ಮೊದಲಿನಿಂದಲೂ ಗೊತ್ತು ಎಂದಳು. ನೆಟ್ಟಗಿನ ಕಾಲಿನವರಿಗೆ ಒಂದು ಬೆರಳು ಲೆಕ್ಕವೇ ಅಲ್ಲ. ಕೋಲು ಊರುವವಳಿಗೆ ಅದು ಮೆಟ್ಟಿಲು. ಬೆಳಿಗ್ಗೆ ದಿನವೂ ಒಂದು ಬೆರಳು ಹತ್ತಬೇಕು, ಸಂಜೆ ಯಾವತ್ತೂ ಇಲ್ಲ. ಒಬ್ಬ ಮನುಷ್ಯನ ಕೈ ಹೊತ್ತಿಗೊಂದು ಥರ ಆಗುತ್ತದೆಯೇ? ಬಾಯಿ ಬಿಡಲಿಲ್ಲ, ಇಬ್ಬರ ಹೊಟ್ಟೆಯ ಮಾತು ಎಂದು ಸುಮ್ಮನಿದ್ದಳು.

“ಸಂಜೆಯೂ ಒಂದು ಬೆರಳು ಕೆಳಗೆ ನಿಲ್ಲೋಕೆ ಶುರುವಾಯ್ತಲ್ಲ, ಆಗಲೇ ನನ್ನ ಎದೆ ಹೊಡ್ಕೊಳ್ತು. ಕೇಳೋಕೆ ಬಾಯಿ ಬರಲಿಲ್ಲ. ನೀವು ನಗ್ತಾ ಇದ್ರಿ.”

ಆವತ್ತಿನ ಮಾತು ಏನು ಎಂದು ಅವನು ಕೇಳಿದ. ಈಗ ಕೇಳಬಹುದಾಗಿತ್ತು.

ಅವಳು ಹೇಳಿದಳು. ಅವಳ ತಂದೆಗೆ ಕಣ್ಣು ಹೋಗಿದೆ. ಬದುಕೆಲ್ಲ ಪದ್ಯ ಪಾಠ ಹೇಳಿದ ಮೇಷ್ಟರು. ಈಗ ಸಂಜೆಯಾದರೆ ಯಾರಾದರೂ ಓದಿ ಹೇಳಲಿ ಎಂದು ಮಗುವಿನ ಹಾಗೆ ಹಟ ಮಾಡುತ್ತಾರೆ. ಸಂಬಳ ಕೊಟ್ಟು ಒಬ್ಬರನ್ನು ಇಟ್ಟುಕೊಳ್ಳಬೇಕು, ನಿಮಗೆ ಯಾರಾದರೂ ಗೊತ್ತಾ ಎಂದು ಆ ಮಧ್ಯಾಹ್ನ ಅವಳು ಲಿಫ್ಟಿನಲ್ಲಿ ಕೇಳಿದ್ದಳು. ತಮ್ಮ ಸ್ಟೂಲಿನಿಂದ ಎದ್ದುಬಿಟ್ಟನಂತೆ. ಲಿಫ್ಟನ್ನು ಎರಡು ಮಹಡಿಯ ನಡುವೆ ನಿಲ್ಲಿಸಿಬಿಟ್ಟು, ಯಾರೂ ಕೇಳಿಸಿಕೊಳ್ಳದ ಜಾಗ ಅದೊಂದೇ ತಾನೇ, ಗುಟ್ಟೆಲ್ಲ ಹೇಳಿದನಂತೆ.

“ಏನಂದ್ರು ಗೊತ್ತಾ? ನನ್ನ ಅಣ್ಣ ಇದಾನೆ ಕಣಮ್ಮ, ಅವನು ಪದ್ಯ ಹೇಳಿದರೆ ಗೋಡೇನೂ ತಲೆದೂಗುತ್ತೆ. ನನ್ನ ಕೋಟಿನಲ್ಲಿ ಅವನು ಬೆವರಿದ್ದು ಸಾಕು. ಅವನಿಗೆ ಅವನ ಹೆಸರಲ್ಲೇ ಒಂದು ಕೆಲಸ ಸಿಕ್ಕಿದರೆ ನಾನು ನೆಮ್ಮದಿಯಾಗಿ ಕಣ್ಣು ಮುಚ್ತೀನಿ ಅಂದ್ರು. ಇವತ್ತೇ ಮನೇಲಿ ಮಾತಾಡ್ತೀನಿ, ನಾಳಿದ್ದು ಬೆಳಿಗ್ಗೆ ಅವನನ್ನೇ ಕೇಳು, ಕುಣಿದಾಡ್ತಾನೆ ನೋಡು ಅಂತ ನಗ್ತಾನೇ ಇದ್ರು.”

ಆ ಬೆಳಗನ್ನು ಅವನು ಮತ್ತೆ ನೋಡಿದ. ಅವಳ ಮುಖ, ಅವಳ ಪ್ರಶ್ನೆ, ತನ್ನ ನಗು. ನಿಮ್ಮಿಷ್ಟ ತಾಯಿ.

ಅವಳು ತಲೆ ತಗ್ಗಿಸಿದಳು. ನೀವು ಬೇಡ ಅಂದಿರಿ ಎಂದು ತಾನು ತಿಳಿದದ್ದು; ಅಪ್ಪನನ್ನು ಕಾಯಿಸಲಾಗಲಿಲ್ಲ; ಬೇರೆಯವರು ಬರುತ್ತಿದ್ದಾರೆ, ಅವರೂ ಪಾಪ ವಯಸ್ಸಾದವರೇ, ಅವರಿಗೆ ಕೆಲಸ ಬಿಡಿ ಎಂದು ಹೇಗೆ ಹೇಳಲಿ ಎಂದಳು. ಬಿಡಿಸಬೇಡ ಎಂದು ಅವನು ಕೈ ಅಡ್ಡ ಆಡಿಸಿದ. ಯಾರೋ ಒಬ್ಬ ಮುದುಕ, ತನ್ನ ಸ್ವಂತ ಹೆಸರಿನಲ್ಲಿ, ಸಂಜೆ ದೀಪದ ಮುಂದೆ ಕೂತು ಓದುತ್ತಿದ್ದಾನೆ. ಓದಲಿ.

ಕೆಳಗಿನಿಂದ ಲಿಫ್ಟಿನ ಗಂಟೆ ಬಾರಿಸಿತು. ಯಾರೋ ಬಿಡದೆ ಒತ್ತುತ್ತಿದ್ದರು. ಅವನ ಬಲಗೈ ಮಂಡಿಯ ಮೇಲೆ ತಾನಾಗಿ ಎ‌ಡಕ್ಕೆ ತಿರುಗಿತು. ಅವಳು ಅದನ್ನು ಕಂಡು, ಕಾಣದವಳ ಹಾಗೆ ಕಿಟಕಿಯತ್ತ ನೋಡಿದಳು.

ಇಳಿದು ಬಂದವನು ಮುಂಬಾಗಿಲಿನಿಂದ ಹೋಗಲಿಲ್ಲ. ಹಿಂಬದಿಯ ಮೆಟ್ಟಿಲ ಸಂದಿಗೆ ಹೋಗಿ, ಯಾವಾಗಲೂ ಕೂರುತ್ತಿದ್ದ ಮೇಲಿನ ಮೆಟ್ಟಿಲ ಮೇಲೆ ಕೂತ. ಕೆಳಗಿನದನ್ನು ಖಾಲಿ ಬಿಟ್ಟ. ಮನೆಗೆ ಒಯ್ಯಬೇಕಾದ ಸುದ್ದಿಯನ್ನು ಅಲ್ಲಿ ಒಮ್ಮೆ ಜೋಡಿಸಿಕೊಂಡ. ಮ್ಯಾನೇಜರು ಅಯ್ಯೋ ಅಂದರು. ನಿನಗೆ ಸಲ್ಲಬೇಕಾದದ್ದು ಸಲ್ಲುತ್ತದೆ. ಟೈಪಿಸ್ಟಮ್ಮ ಅತ್ತಳು. ಅವನು ಕೊನೆಯ ಮಧ್ಯಾಹ್ನ ನಗುತ್ತಲೇ ಇದ್ದನಂತೆ. ಇಷ್ಟನ್ನು ಅವಳಿಗೆ ಹೇಳಬೇಕು. ಕೆಲಸದ ಮಾತನ್ನು ಹೇಳುವುದು ಬೇಡ. ಗಂಟುಗಟ್ಟಿದ ಬೆರಳಿನಲ್ಲಿ ಪಾತ್ರೆ ಹಿಡಿದಾಗಲೆಲ್ಲ ಅವಳಿಗೆ ಅದು ನೆನಪಾಗುತ್ತದೆ.

ಹೇಳದೆ ಉಳಿಸಿಕೊಂಡದ್ದನ್ನು ಕೆಳಗಿನ ಮೆಟ್ಟಿಲಿಗೆ ಹೇಳಿದ.

“ನೀನು ಹುಡುಕಿದ್ದೆ ಕಣೋ. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದರೆ ನಗು ಅಂದಿದ್ದೆಯಲ್ಲ, ನಕ್ಕುಬಿಟ್ಟೆ.”

ಗಂಟೆ ಇನ್ನೂ ಬಾರಿಸುತ್ತಿತ್ತು. ಅದು ನಿಲ್ಲುವವರೆಗೆ ಕೂತಿದ್ದು, ನಿಂತ ಮೇಲೂ ಒಂದು ಉಸಿರಿನಷ್ಟು ಕೂತಿದ್ದು, ಅಣ್ಣ ಮನೆಯ ಕಡೆ ಹೊರಟ.